ಶಾಲೆಯ ಕಪಾಟಿನಲ್ಲಿ ಒಂದು ಸ್ಪೇಸರ್: ವರ್ಷದ ಬಳಕೆಯ ನಂತರ

ನಮ್ಮ ಮಗಳು ಮೂರನೆಯ ತರಗತಿಯಲ್ಲಿದ್ದಾಳೆ. ಶಿರಸಿ ತಾಲ್ಲೂಕಿನ ನಮ್ಮ ಊರಿನಲ್ಲಿ ಮಳೆ ಹಿಡಿಯಿತೆಂದರೆ ಗೋಡೆಗೆ ಬೂಷ್ಟು, ಮಳೆ ಬಿಟ್ಟಿತೆಂದರೆ ಅಡಿಕೆ ಬೇಯಿಸುವ ಒಲೆಯ ಹೊಗೆ; ಎರಡೂ ಅವಳ ಉಬ್ಬಸಕ್ಕೆ ಆಗುವುದಿಲ್ಲ. ವೈದ್ಯರು ಉಬ್ಬಸ ಬಾರದಂತೆ ತಡೆಯಲು ದಿನಕ್ಕೆ ಎರಡು ಹೊತ್ತು ಬುಡೆಸೊನೈಡ್ ಇನ್‌ಹೇಲರ್ ಬರೆದುಕೊಟ್ಟಿದ್ದರು. ರಾತ್ರಿಯದು ತಪ್ಪುತ್ತಿರಲಿಲ್ಲ, ಆದರೆ ಬೆಳಗಿನದು ಬಸ್ಸಿನ ಅವಸರದಲ್ಲಿ ಮತ್ತೆ ಮತ್ತೆ ಬಿಟ್ಟುಹೋಗುತ್ತಿತ್ತು. ವೈದ್ಯರ ಒಪ್ಪಿಗೆ ಪಡೆದು ಬೆಳಗಿನದನ್ನು ಶಾಲೆಯಲ್ಲಿ, ಪ್ರಾರ್ಥನೆಗೆ ಮೊದಲು, ಎಂದು ಬದಲಾಯಿಸಿಕೊಂಡೆವು; ಅಲ್ಲೇ ಇಡುವುದಕ್ಕೆಂದು ಕಳೆದ ಜೂನ್‌ನಲ್ಲಿ ಕವಾಟವಿರುವ ಒಂದು ಪಾರದರ್ಶಕ ಸ್ಪೇಸರ್, ಅಂದರೆ ಇನ್‌ಹೇಲರಿಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಕೊಂಡೆವು.

ಇನ್‌ಹೇಲರನ್ನು ನೇರವಾಗಿ ಬಾಯಿಗಿಟ್ಟರೆ ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆಯಾಗಬೇಕು. ಎಂಟು ವರ್ಷದ ಮಗುವಿಗೆ ಅದು ಸಾಧಿಸದೆ ಹೆಚ್ಚಿನ ಔಷಧಿ ಗಂಟಲಿನಲ್ಲೇ ಕೂತುಬಿಡುತ್ತದೆ. ಸ್ಪೇಸರಿನಲ್ಲಿ ಔಷಧಿ ಮೊದಲು ಕೊಳವೆಯೊಳಗೆ ನಿಲ್ಲುತ್ತದೆ, ಮಗು ತನ್ನ ಪಾಡಿಗೆ ಐದಾರು ಬಾರಿ ಉಸಿರಾಡಿದರೆ ಸಾಕು. ಶಾಲೆಯ ಮಟ್ಟಿಗೆ ನಾನು ಬಹುವಾಗಿ ಮೆಚ್ಚಿದ್ದು ಇದರ ಕವಾಟವನ್ನು. ಮಗು ಉಸಿರಾಡಿದಾಗಲೆಲ್ಲ ಆ ತೆಳು ಪೊರೆ ಅಲುಗುವುದು ಹೊರಗಿನಿಂದಲೇ ಕಾಣುತ್ತದೆ, ಆದ್ದರಿಂದ ವೈದ್ಯಕೀಯದ ಗಂಧವಿಲ್ಲದ ಅಕ್ಕೋರು (ಶಿಕ್ಷಕಿ) ಕೂಡ ಎದುರು ನಿಂತು ಒಂದು, ಎರಡು ಎಂದು ಎಣಿಸಿ, ಮಗು ಸರಿಯಾಗಿ ಉಸಿರೆಳೆಯಿತೋ ಇಲ್ಲವೋ ಎಂದು ಹೇಳಬಲ್ಲರು. ಮನೆಯಲ್ಲಿ 'ತಗೊಂಡೆ' ಎಂಬ ಮಾತನ್ನು ನಂಬಿಕೊಂಡಿದ್ದ ನಮಗೆ ಇದು ದೊಡ್ಡ ನೆಮ್ಮದಿ. ಬಳಿಕ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಿಯಲ್ಲಿ ಬಿಳಿ ಅಗ್ರ ಏಳಬಹುದು. ಅದನ್ನೂ ಅಕ್ಕೋರು ನೆನಪಿಸುತ್ತಾರೆ.

ನನ್ನ ಮುಖ್ಯ ಆಕ್ಷೇಪ ಪೆಟ್ಟಿಗೆಯೊಳಗಿನ ಸೂಚನಾಪತ್ರದ ಬಗ್ಗೆ. ಅದರಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ. ಮೊದಲ ವಾರ ಎರಡು ಬಾರಿ ಒತ್ತಬೇಕಾದದ್ದನ್ನು ಒಟ್ಟಿಗೇ ಒತ್ತಿ ಕೊಡಲಾಗಿತ್ತೆಂದು ಆಮೇಲೆ ತಿಳಿಯಿತು; ಹಾಗೆ ಮಾಡಿದರೆ ಔಷಧಿ ಕೊಳವೆಯ ಗೋಡೆಗೇ ಅಂಟಿ ಮಗುವಿಗೆ ಸಿಗುವುದು ಕಡಿಮೆಯಾಗುತ್ತದೆ. ಇದರಲ್ಲಿ ಅಕ್ಕೋರ ತಪ್ಪು ಎಳ್ಳಷ್ಟೂ ಇಲ್ಲ. ನಾನೇ ಒಂದು ರಟ್ಟಿನ ಮೇಲೆ 'ಚೆನ್ನಾಗಿ ಅಲುಗಾಡಿಸಿ, ಒಮ್ಮೆ ಒತ್ತಿ, ಉಸಿರು ಎಣಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ ಇನ್ನೊಮ್ಮೆ' ಎಂದು ದಪ್ಪಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿ ಬಂದೆ. ಹಳ್ಳಿಯ ಶಾಲೆಗಳವರೆಗೆ ಹೋಗುವ ಸಾಮಾನಿಗೆ ಇದನ್ನು ಅಚ್ಚು ಹಾಕಿಸಿ ಕೊಡುವುದು ತಯಾರಕರ ಕರ್ತವ್ಯ ಎಂದೇ ನನ್ನ ಅಭಿಪ್ರಾಯ.

ತೊಳೆಯುವ ವಿಷಯವನ್ನೂ ಹೇಳಬೇಕು. ಹೊಸತನ್ನು ಬಳಸುವ ಮೊದಲು, ಆಮೇಲೆ ತಿಂಗಳಿಗೊಮ್ಮೆ, ಉಗುರುಬೆಚ್ಚಗಿನ ನೀರಿಗೆ ಚೂರು ಪಾತ್ರೆ ತೊಳೆಯುವ ಸೋಪು ಹಾಕಿ ಅದ್ದಿ ತೆಗೆದು ಹಾಗೆಯೇ ಆರಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರವಿದ್ಯುತ್ ಹುಟ್ಟಿ ಔಷಧಿಯನ್ನು ಹಿಡಿದುಕೊಳ್ಳುತ್ತದೆ. ಬೇರೆ ಕಡೆ ಇದು ಸುಲಭದ ಕೆಲಸವಿರಬಹುದು, ಆದರೆ ಆಷಾಢದ ನಮ್ಮ ಮಳೆಯಲ್ಲಿ ಶನಿವಾರ ಮಧ್ಯಾಹ್ನ ತೊಳೆದಿಟ್ಟದ್ದು ಸೋಮವಾರ ಬೆಳಿಗ್ಗೆಯೂ ಒಳಗೆ ಹನಿ ಹಿಡಿದುಕೊಂಡಿತ್ತು. ಒಲೆಯ ಹತ್ತಿರ ಇಡೋಣವೆಂದರೆ ಹೊಗೆಯ ಭಯ. ಮನೆಗೊಂದು, ಶಾಲೆಗೊಂದು ಇದ್ದೂ ಈ ತೊಂದರೆ ತಪ್ಪಲಿಲ್ಲ. ಘಟ್ಟದ ಮೇಲಿನವರು ಇನ್ನೊಂದನ್ನು ಹೆಚ್ಚಾಗಿಯೇ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ಉಳಿದಂತೆ ಎರಡು ಭಾಗಗಳ ಜೋಡಣೆ ಬಿಗಿಯಾಗಿದೆ, ಕೆಳಗೆ ಬಿದ್ದರೂ ಒಡೆದಿಲ್ಲ. ಇಡಲು ಚೀಲ ಕೊಟ್ಟಿಲ್ಲ. ಇನ್‌ಹೇಲರ್ ಕೊಳ್ಳುವಾಗ ಡೋಸ್ ಎಣಿಕೆಯ ಕಿಂಡಿ ಇರುವುದನ್ನೇ ಕೇಳಿ ಪಡೆಯಿರಿ, ಏಕೆಂದರೆ ಔಷಧಿ ಮುಗಿದ ಮೇಲೂ ಡಬ್ಬಿಯಿಂದ ಗಾಳಿ ಬರುತ್ತಲೇ ಇರುತ್ತದೆ, ಶಾಲೆಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ದಮ್ಮು ಕಟ್ಟಿದಾಗ ಬೇಕಾಗುವ ಸಾಲ್ಬುಟಮಾಲ್ ಬೇರೆಯೇ ಔಷಧಿ. ಅದನ್ನು ಬೀಗ ಹಾಕುವ ಕಪಾಟಿನಲ್ಲಿಡಲು ನಾವು ಒಪ್ಪಲಿಲ್ಲ. ಅದು ಮಗಳ ಪಾಟಿಚೀಲದ ಹೊರಜೇಬಿನಲ್ಲಿದೆ, ಅಕ್ಕೋರಿಗೂ ಅವಳ ಪಕ್ಕ ಕೂರುವ ಗೆಳತಿಗೂ ಆ ಜೇಬು ಗೊತ್ತು.