ಮಾಸ್ಟೊಡಾನ್: ಲೈಕ್ ಕಡಿಮೆ, ಮಾತು ಜಾಸ್ತಿ

ನನಗೆ ಹಳೇ ವಾಲ್ವ್ ರೇಡಿಯೋ, ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲಿನ ಗಾಜಿನ ವಾಲ್ವ್‌ಗಳ ರೇಡಿಯೋ, ರಿಪೇರಿ ಮಾಡುವ ಹುಚ್ಚು. ಅದರ ಬಗ್ಗೆ ಒಂದು ಬ್ಲಾಗನ್ನೂ ಬರೆಯುತ್ತೇನೆ. ಈ ಹುಚ್ಚು ಇರುವವರು ಎಲ್ಲ ಕಡೆ ಇದ್ದಾರೆ, ಆದರೆ ಅಲ್ಲೊಬ್ಬರು ಇಲ್ಲೊಬ್ಬರು. ಅಕ್ಕಪಕ್ಕದ ಮನೆಯಲ್ಲಂತೂ ಸಿಗುವುದಿಲ್ಲ. ಹಾಗಾಗಿ ನನ್ನಂಥವರಿಗೆ ಸೋಶಿಯಲ್ ಮೀಡಿಯಾ ಅಂದರೆ ಬರೀ ಟೈಂಪಾಸ್ ಅಲ್ಲ, ನಮ್ಮ ಥರದ ಜನರನ್ನು ಹುಡುಕಿಕೊಳ್ಳುವ ದಾರಿ. ಅದಕ್ಕೇ ಯಾವ ತಾಣಕ್ಕೆ ಹೋದರೂ ನಾನು ನೋಡುವುದು ಒಂದನ್ನೇ: ಇಲ್ಲಿ ಪರಿಚಯವಾದವರ ಜೊತೆ ಮಾತು ಮುಂದುವರಿಯುತ್ತದಾ, ಇಲ್ಲವಾ? ಎಷ್ಟು ಜನ ಫಾಲೋ ಮಾಡಿದರು ಅನ್ನುವುದು ಆಮೇಲಿನ ಮಾತು.

ಆ ಕಣ್ಣಿಂದಲೇ ಮಾಸ್ಟೊಡಾನ್ ಬಗ್ಗೆ ಬರೆಯುತ್ತಿದ್ದೇನೆ. ನಾನು ಇದನ್ನು ದಿನಾ ಬಳಸುತ್ತೇನೆ. ಇಷ್ಟಪಟ್ಟು ಬಳಸುತ್ತೇನೆ. ಸಿಟ್ಟು ಬರುವ ವಿಷಯಗಳೂ ಇವೆ, ಅದನ್ನೂ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಪರಿಚಯ. 2016ರಲ್ಲಿ ಯೂಗೆನ್ ರೋಚ್ಕೋ ಅನ್ನುವ ಪ್ರೋಗ್ರಾಮರ್ ಶುರು ಮಾಡಿದ್ದು ಇದು. ನೋಡಲಿಕ್ಕೆ ಹಳೇ ಟ್ವಿಟರ್ ಥರ. ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ. ಒಂದೇ ಕಂಪನಿಯ ಒಂದೇ ತಾಣ ಅಲ್ಲ. ಬೇರೆ ಬೇರೆ ಜನ, ಸಂಸ್ಥೆಗಳು ನಡೆಸುವ ಸಾವಿರಾರು ಸರ್ವರ್‌ಗಳು. ಎಲ್ಲವೂ ಆಕ್ಟಿವಿಟಿಪಬ್ ಅನ್ನುವ ಒಂದೇ ನಿಯಮದಲ್ಲಿ ಒಂದರ ಜೊತೆ ಒಂದು ಮಾತಾಡುತ್ತವೆ. ನೀವು ಒಂದು ಸರ್ವರ್‌ನಲ್ಲಿ, ನಾನು ಇನ್ನೊಂದರಲ್ಲಿ ಇದ್ದರೂ ಫಾಲೋ ಮಾಡಬಹುದು, ಉತ್ತರ ಕೊಡಬಹುದು. ಇಮೇಲ್‌ನಲ್ಲಿ ಕಂಪನಿ ಬೇರೆಯಾದರೂ ಪತ್ರ ಹೋಗುತ್ತದಲ್ಲ, ಹಾಗೇ. ಈ ನಿಯಮವನ್ನು 2018ರಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅಧಿಕೃತವಾಗಿ ಒಪ್ಪಿತು. ಸಾಫ್ಟ್‌ವೇರ್ ಓಪನ್ ಸೋರ್ಸ್. ಜಾಹೀರಾತು ತೋರಿಸುವ ವ್ಯವಸ್ಥೆಯೇ ಅದರಲ್ಲಿಲ್ಲ. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರ.

ಸರಿ, ಈಗ ನಿಜವಾದ ವಿಷಯ.

ನನ್ನ ಹತ್ತಿರ ಒಂದು ರೇಡಿಯೋ ಇತ್ತು. ಆನ್ ಮಾಡಿದಾಗ ಚೆನ್ನಾಗಿ ಹಾಡುತ್ತಿತ್ತು. ಸ್ವಲ್ಪ ಬಿಸಿಯಾದ ಮೇಲೆ ದನಿ ಒಡೆಯುತ್ತಿತ್ತು. ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ಮುಟ್ಟಲಾಗದಷ್ಟು ಕಾಯುತ್ತಿತ್ತು. ಎರಡು ಫೋಟೋ ತೆಗೆದು, ಲಕ್ಷಣ ಬರೆದು, ಹ್ಯಾಶ್‌ಟ್ಯಾಗ್ ಹಾಕಿ ಪೋಸ್ಟ್ ಮಾಡಿದೆ. ಮಾಸ್ಟೊಡಾನ್‌ನಲ್ಲಿ ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡಬಹುದು, ಜನರನ್ನು ಫಾಲೋ ಮಾಡಿದ ಹಾಗೆ. ಹಾಗಾಗಿ ನನ್ನನ್ನು ಗೊತ್ತೇ ಇಲ್ಲದ ಒಬ್ಬರಿಗೆ ಅದು ಕಾಣಿಸಿತು. ಅವರು ಉತ್ತರ ಬರೆದರು. ವಾಲ್ವಿನ ಗ್ರಿಡ್‌ನಲ್ಲಿ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ) ವೋಲ್ಟೇಜ್ ಅಳೆಯಿರಿ, ಕ್ಯಾಥೋಡ್ ಬಯಾಸ್ ಅನ್ನುವ ಥರದ ಸರ್ಕ್ಯೂಟ್ ಆದರೆ ಅಲ್ಲಿ ಸೊನ್ನೆಯ ಆಸುಪಾಸು ಇರಬೇಕು, ಪಾಸಿಟಿವ್ ಬಂದರೆ ಅದರ ಹಿಂದಿನ ಕಪ್ಲಿಂಗ್ ಕೆಪಾಸಿಟರ್ (ದನಿಯನ್ನು ದಾಟಿಸಿ ಡಿಸಿ ವೋಲ್ಟೇಜನ್ನು ತಡೆಯುವ ಭಾಗ) ಲೀಕ್ ಆಗುತ್ತಿರಬಹುದು ಅಂತ. ಅಷ್ಟಕ್ಕೇ ಬಿಡಲಿಲ್ಲ. ಆ ಕೆಪಾಸಿಟರಿನ ಒಂದು ಕಾಲು ಬಿಚ್ಚಿ ಮತ್ತೆ ಅಳೆಯಿರಿ, ಆಗಲೂ ಪಾಸಿಟಿವ್ ಇದ್ದರೆ ತಪ್ಪು ವಾಲ್ವಿನದೇ, ಒಳಗೆ ಗ್ಯಾಸ್ ಸೇರಿದೆ ಅಂತಲೂ ಬರೆದರು. ಕೊನೆಗೆ, ಒಳಗೆ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ, ಒಂದು ಕೈ ಜೇಬಿನಲ್ಲಿಟ್ಟುಕೊಂಡು ಅಳೆಯಿರಿ ಅನ್ನುವ ಎಚ್ಚರಿಕೆ.

ಅಳೆದೆ. ಪಾಸಿಟಿವ್ ಇತ್ತು. ಕಾಲು ಬಿಚ್ಚಿದೆ, ಸೊನ್ನೆಗೆ ಬಂತು. ಹಳೇ ಕಾಗದದ ಕೆಪಾಸಿಟರ್ ತೆಗೆದು ಹೊಸ ಫಿಲ್ಮ್ ಕೆಪಾಸಿಟರ್ ಹಾಕಿದೆ. ರೇಡಿಯೋ ಈಗ ಎಷ್ಟು ಹೊತ್ತು ಬಿಟ್ಟರೂ ದನಿ ಒಡೆಯುವುದಿಲ್ಲ.

ಇಂಥದ್ದೇ ಫೋಟೋಗಳನ್ನು ನಾನು ಮೊದಲಿದ್ದ ಒಂದು ದೊಡ್ಡ ಜಾಲತಾಣದಲ್ಲೂ ಹಾಕುತ್ತಿದ್ದೆ. ಲೈಕ್‌ಗಳು ಬರುತ್ತಿದ್ದವು, ರಾಶಿ ರಾಶಿ. ಹೃದಯದ ಚಿತ್ರ, ಚಪ್ಪಾಳೆಯ ಚಿತ್ರ. ಒಬ್ಬರೂ "ದನಿ ಯಾಕೆ ಒಡೆಯುತ್ತಿದೆ?" ಅಂತ ಕೇಳುತ್ತಿರಲಿಲ್ಲ. ಅಲ್ಲಿದ್ದವರು ಕೆಟ್ಟವರಲ್ಲ, ಇಲ್ಲಿ ಸಿಕ್ಕ ಥರದ ಜನ ಅಲ್ಲೂ ಖಂಡಿತ ಇದ್ದಿರಬೇಕು. ನನ್ನ ಪ್ರಶ್ನೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಬಿದ್ದರೂ ಒಂದು ಬಟನ್ ಒತ್ತಿ ಮುಂದೆ ಹೋಗುವುದು ತುಂಬಾ ಸುಲಭವಾಗಿತ್ತು.

ಬಟನ್ನಿನ ಈ ಸುಲಭವೇ ನಮ್ಮ ಮಾತಿನ ರೀತಿಯನ್ನು ಬದಲಾಯಿಸಿದ್ದು ಅಂತ ನನ್ನ ಗಟ್ಟಿ ನಂಬಿಕೆ. 1999ರಲ್ಲಿ ಬ್ಲಾಗರ್, ಲೈವ್‌ಜರ್ನಲ್ ಅನ್ನುವ ಬ್ಲಾಗ್ ತಾಣಗಳು ಬಂದಾಗ, 2003ರಲ್ಲಿ ವರ್ಡ್‌ಪ್ರೆಸ್ ಬಂದಾಗ ಲೈಕ್ ಅನ್ನುವುದೇ ಇರಲಿಲ್ಲ. ಯಾರದ್ದಾದರೂ ಬರಹ ಇಷ್ಟವಾದರೆ ನಾಲ್ಕು ಸಾಲು ಕಾಮೆಂಟ್ ಬರೆಯಬೇಕು, ಇಲ್ಲವೇ ನಿಮ್ಮ ಬ್ಲಾಗಿನಲ್ಲಿ ಅವರ ಲಿಂಕ್ ಕೊಟ್ಟು ಉತ್ತರ ಬರೆಯಬೇಕು. ಬದಿಯಲ್ಲಿ ಬ್ಲಾಗ್‌ರೋಲ್ ಇರುತ್ತಿತ್ತು, ಅಂದರೆ "ಇವರನ್ನೆಲ್ಲ ನಾನು ಓದುತ್ತೇನೆ" ಅನ್ನುವ ಪಟ್ಟಿ. ಅದರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು ಸಿಗುತ್ತಿದ್ದರು. ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂತು, 2009ರಲ್ಲಿ ಲೈಕ್ ಬಟನ್ ತಂತು. ಅದೇ 2009ರಲ್ಲಿ ಟ್ವಿಟರ್‌ಗೆ ರೀಟ್ವೀಟ್ ಬಟನ್ ಬಂತು. ಒಬ್ಬರ ಮನೆ ಬಾಗಿಲಿಗೆ ಹೋಗಿ ವಿಚಾರಿಸಬೇಕಿದ್ದ ಸುದ್ದಿ ತಾನಾಗಿಯೇ ಕೈಗೆ ಬರತೊಡಗಿತು. ನೂರಾರು ಜನರ ಸುದ್ದಿ ಗೊತ್ತಿರುತ್ತದೆ, ಒಬ್ಬರ ಜೊತೆಗೂ ಮಾತಾಡಿರುವುದಿಲ್ಲ. ಇದು ಎಲ್ಲರಿಗೂ ಆಗಿರುವ ಅನುಭವ, ಅಲ್ವಾ?

ಹಾಗಂತ ದೂರದ ಪರಿಚಯಗಳು ಬೇಡ ಅಂತ ನಾನು ಹೇಳುವುದಿಲ್ಲ. ಅವು ಬೇಕೇ ಬೇಕು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನು ತೋರಿಸಿದ್ದರು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಮಾತಾಡಿಸಿದರು. ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಸುಮಾರು ಶೇಕಡಾ 17 ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಜನರಿಂದ. ಕಾರಣ ಸರಳ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ನನ್ನ ಕೆಪಾಸಿಟರ್ ವಿಷಯದಲ್ಲಿ ಆಗಿದ್ದೂ ಇದೇ. ಸೋಶಿಯಲ್ ಮೀಡಿಯಾದಿಂದ ಆಗಿರುವ ದೊಡ್ಡ ಉಪಕಾರ ಅಂದರೆ ಇಂಥ ತೆಳು ಪರಿಚಯಗಳನ್ನು ಉಳಿಸಿಕೊಳ್ಳುವುದು ಸುಲಭವಾಗಿದ್ದು. ಆದರೆ ಬೇಕಾದಾಗ ಆ ಪರಿಚಯವನ್ನು ಮಾತಿಗೆ ಎಳೆಯುವ ದಾರಿ ತಾಣದಲ್ಲಿ ಇರಬೇಕು. ಇಲ್ಲದಿದ್ದರೆ ಅದು ಸುಮ್ನೆ ಹೆಸರುಗಳ ಪಟ್ಟಿ.

ಮಾಸ್ಟೊಡಾನ್‌ನಲ್ಲಿ ಆ ದಾರಿ ಇದೆ. ಹೇಗೆ ಅಂದರೆ, ಹೋಮ್ ಟೈಮ್‌ಲೈನ್ ಸಮಯದ ಕ್ರಮದಲ್ಲೇ ಬರುತ್ತದೆ. ನಾನು ಫಾಲೋ ಮಾಡಿದವರು ಬರೆದದ್ದು, ಅವರು ಬೂಸ್ಟ್ ಮಾಡಿದ್ದು (ಅಂದರೆ ಬೇರೆಯವರ ಪೋಸ್ಟನ್ನು ಮುಂದಕ್ಕೆ ಹಂಚಿದ್ದು), ನಾನು ಫಾಲೋ ಮಾಡಿದ ಹ್ಯಾಶ್‌ಟ್ಯಾಗ್ ಇರುವ ಪೋಸ್ಟ್‌ಗಳು, ಅಷ್ಟೇ. ಹೊಸದು ಮೇಲೆ, ಹಳೆಯದು ಕೆಳಗೆ. ಓದಿ ಮುಗಿಯುತ್ತದೆ! ಇಲ್ಲೂ ಲೈಕ್ ಥರದ ನಕ್ಷತ್ರ ಇದೆ. ಆದರೆ ಅದನ್ನು ಒತ್ತಿದರೆ ಬರೆದವರಿಗೆ ಒಂದು ಸೂಚನೆ ಹೋಗುತ್ತದೆ; ನನ್ನನ್ನು ಫಾಲೋ ಮಾಡುವವರ ಹೋಮ್‌ಗೆ ಆ ಪೋಸ್ಟ್ ಹೋಗುವುದಿಲ್ಲ. ನಾಲ್ಕು ಜನರಿಗೆ ತಲುಪಬೇಕು ಅಂದರೆ ಯೋಚನೆ ಮಾಡಿ ಬೂಸ್ಟ್ ಮಾಡಬೇಕು, ಇಲ್ಲವೇ ಉತ್ತರ ಬರೆಯಬೇಕು. ಹೀಗಾಗಿ ಜನ ಬರೆಯುತ್ತಾರೆ. ನನಗೆ ಇಲ್ಲಿ ಕಾಣುವ ದೊಡ್ಡ ವ್ಯತ್ಯಾಸ ಇದು.

ಇನ್ನೊಂದು ಸಣ್ಣ ವಿಷಯ ಹೇಳಲೇಬೇಕು, ಯಾಕೆಂದರೆ ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಯಾರದ್ದೇ ಪ್ರೊಫೈಲ್ ತೆರೆದರೂ ಅಲ್ಲಿ ಟಿಪ್ಪಣಿ ಬರೆದುಕೊಳ್ಳಲು ಒಂದು ಪುಟ್ಟ ಜಾಗ ಇದೆ. ಅಲ್ಲಿ ಬರೆದದ್ದು ನಮಗೆ ಮಾತ್ರ ಕಾಣುತ್ತದೆ, ಅವರಿಗೆ ಕಾಣುವುದಿಲ್ಲ. ನನ್ನ ರೇಡಿಯೋ ಪೋಸ್ಟಿಗೆ ಒಬ್ಬರು ಉತ್ತರ ಬರೆದರು ಅಂದೆನಲ್ಲ, ಅವರ ಪ್ರೊಫೈಲಿನಲ್ಲಿ ನಾನು "ಕಪ್ಲಿಂಗ್ ಕೆಪಾಸಿಟರ್ ಹೇಳಿಕೊಟ್ಟವರು. ಟೇಪ್ ರೆಕಾರ್ಡರ್ ಕೂಡ ಗೊತ್ತು. ಕಣ್ಣಿನ ಆಪರೇಷನ್ ಆಗಿದೆ, ವಿಚಾರಿಸಬೇಕು" ಅಂತ ಬರೆದಿಟ್ಟುಕೊಂಡಿದ್ದೇನೆ. ಅವರ ಪೋಸ್ಟ್ ಬಂದಾಗ, ಹೆಸರು ಒತ್ತಿದಾಗ ಇದು ಕಣ್ಣಿಗೆ ಬೀಳುತ್ತದೆ. ಆಗ ಬರೀ ನಕ್ಷತ್ರ ಒತ್ತಿ ಹೋಗಲು ಮನಸ್ಸಾಗುವುದಿಲ್ಲ. "ಕಣ್ಣು ಹೇಗಿದೆ?" ಅಂತ ಕೇಳುತ್ತೇನೆ. ಮುಖ ನೋಡದ ಜನರನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಆ ಕಷ್ಟ ಅರ್ಥವಾದ ಯಾರೋ ಇದನ್ನು ಮಾಡಿದ್ದಾರೆ. ನನ್ನ ಮಟ್ಟಿಗೆ ಇಡೀ ತಾಣದಲ್ಲಿ ಅತಿ ಒಳ್ಳೆಯ ಸೌಲಭ್ಯ ಇದೇ.

ಒಬ್ಬರು ಬರೆದದ್ದು ಯಾವುದೂ ತಪ್ಪಬಾರದು ಅಂದರೆ ಅವರ ಪ್ರೊಫೈಲಿನ ಗಂಟೆಯ ಚಿಹ್ನೆ ಒತ್ತಬಹುದು. ಜನರನ್ನು ಪಟ್ಟಿ ಮಾಡಿಟ್ಟುಕೊಳ್ಳಬಹುದು. ಪೋಸ್ಟ್ ಯಾವ ಭಾಷೆಯದ್ದು ಅಂತ ಗುರುತು ಹಾಕಬಹುದು, ಕನ್ನಡವೂ ಆ ಪಟ್ಟಿಯಲ್ಲಿದೆ. ಫೋಟೋಗೆ ವಿವರಣೆ ಬರೆಯುವ ರೂಢಿ ಇಲ್ಲಿ ಚೆನ್ನಾಗಿದೆ. ಕಣ್ಣು ಕಾಣದವರೂ ಸ್ಕ್ರೀನ್ ರೀಡರ್ ಬಳಸಿ ಮಾತಿಗೆ ಸೇರುತ್ತಾರೆ. ಇವೆಲ್ಲ ಸಣ್ಣ ಸಣ್ಣವು, ಆದರೆ ದಿನಾ ಉಪಯೋಗಕ್ಕೆ ಬರುವಂಥವು.

ಬ್ಲಾಗ್ ಬರೆಯುವವರಿಗೆ ಇನ್ನೂ ಒಂದು ಖುಷಿಯ ವಿಷಯ ಇದೆ. ವರ್ಡ್‌ಪ್ರೆಸ್‌ಗೆ ಆಕ್ಟಿವಿಟಿಪಬ್ ಪ್ಲಗಿನ್, ಅಂದರೆ ಜೋಡಿಸಿಕೊಳ್ಳುವ ಸಣ್ಣ ಸಾಫ್ಟ್‌ವೇರ್, ಇದೆ. 2023ರಲ್ಲಿ ಅದನ್ನು ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೊಮ್ಯಾಟಿಕ್ ಕಂಪನಿ ತನ್ನದಾಗಿಸಿಕೊಂಡಿತು, ಅದೇ ವರ್ಷ ಆ ತಾಣದಲ್ಲೂ ಈ ಸೌಲಭ್ಯ ಬಂತು. ಪ್ಲಗಿನ್ ಹಾಕಿದರೆ ನಿಮ್ಮ ಬ್ಲಾಗನ್ನೇ ಮಾಸ್ಟೊಡಾನ್‌ನಿಂದ ಫಾಲೋ ಮಾಡಬಹುದು. ಅಲ್ಲಿ ಯಾರಾದರೂ ಉತ್ತರ ಬರೆದರೆ ಅದು ಬ್ಲಾಗಿನ ಕೆಳಗೆ ಕಾಮೆಂಟ್ ಆಗಿ ಬಂದು ಕೂರುತ್ತದೆ. ಬ್ಲಾಗ್ ಒಂದು ಕಡೆ, ಅದರ ಬಗ್ಗೆ ಚರ್ಚೆ ಇನ್ನೆಲ್ಲೋ ಅನ್ನುವ ಅವಸ್ಥೆಯಿಂದ ಬೇಸತ್ತವನು ನಾನು. ಒಂದು ಸರ್ಕ್ಯೂಟ್ ಬಗ್ಗೆ ಉದ್ದದ ಬರಹ ಹಾಕಿದರೆ ಅದಕ್ಕೆ ಬಂದ ತಿದ್ದುಪಡಿ, ಸಲಹೆ ಎಲ್ಲ ಆ ಬರಹದ ಕೆಳಗೇ ಇರಬೇಕು. ಮುಂದಿನ ವರ್ಷ ಅದೇ ರೇಡಿಯೋ ಕೈಗೆ ಬಂದವರು ಹುಡುಕಿಕೊಂಡು ಬಂದಾಗ ಸಿಗಬೇಕು. ಫೀಡ್‌ನಲ್ಲಿ ಹರಿದುಹೋದ ಮಾತು ಅವರಿಗೆಲ್ಲಿ ಸಿಗುತ್ತದೆ?

ಈಗ ಕೊರತೆಗಳಿಗೆ ಬರೋಣ.

ಮೊದಲನೆಯದು ಖಾಸಗಿ ಸಂದೇಶ. ಇದು ನಿಜಕ್ಕೂ ದೊಡ್ಡ ಕೊರತೆ. ಇಲ್ಲಿ ಖಾಸಗಿ ಸಂದೇಶ ಅಂದರೆ ಯಾರನ್ನು ಹೆಸರಿಸುತ್ತೀರೋ ಅವರಿಗೆ ಮಾತ್ರ ಕಾಣುವ ಒಂದು ಪೋಸ್ಟ್, ಅಷ್ಟೇ. ಮಾತಿನ ನಡುವೆ ಮೂರನೆಯವರ ಬಗ್ಗೆ ಹೇಳುತ್ತಾ ಅವರ ಖಾತೆಯ ಹೆಸರನ್ನು @ ಚಿಹ್ನೆಯ ಜೊತೆ ಬರೆದರೆ ಅವರಿಗೂ ಅದು ತಲುಪುತ್ತದೆ. ಜೊತೆಗೆ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಪರಿಚಯ ಗಟ್ಟಿಯಾಗುತ್ತಾ ಹೋದ ಹಾಗೆ ಜನ ಖಾಸಗಿಯಾಗಿ ಮಾತಾಡಲು ಬಯಸುತ್ತಾರೆ, ಅದು ಸಹಜ. ಆ ಹಂತಕ್ಕೆ ಬಂದಾಗ ಮಾಸ್ಟೊಡಾನ್ ಸಾಲದು. ನಾನಂತೂ ಅಲ್ಲಿಂದ ಇಮೇಲ್‌ಗೆ ಹೋಗಿಬಿಡುತ್ತೇನೆ.

ಎರಡನೆಯದು ಸರ್ವರ್ ಆಯ್ಕೆ. ಹೊಸಬರು ಬಾಗಿಲಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಬಹಳಷ್ಟು ಸರ್ವರ್‌ಗಳನ್ನು ಸ್ವಯಂಸೇವಕರು, ಜನ ಕೊಡುವ ದೇಣಿಗೆಯಲ್ಲಿ ನಡೆಸುತ್ತಾರೆ. ಅವರಿಗೆ ಸಾಕಾದರೆ ಸರ್ವರ್ ಮುಚ್ಚಬಹುದು. ಬೇರೆ ಸರ್ವರ್‌ಗೆ ಹೋಗುವ ವ್ಯವಸ್ಥೆ ಇದೆ, ಹಳೆಯದು ಮುಚ್ಚುವ ಮೊದಲೇ ಹೋದರೆ ಫಾಲೋವರ್‌ಗಳು ತಾವಾಗಿಯೇ ನಿಮ್ಮ ಹಿಂದೆ ಬರುತ್ತಾರೆ. ಇದು ದೊಡ್ಡ ಮಾತು. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದಾಗ ಇಂಥ ಸೌಲಭ್ಯ ಇರಲಿಲ್ಲ. ಅಲ್ಲಿನ ಬಳಗಗಳು ದಿಕ್ಕಾಪಾಲಾದವು. ಆದರೆ ಮಾಸ್ಟೊಡಾನ್‌ನಲ್ಲಿ ಹಳೇ ಪೋಸ್ಟ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ. ಅವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ಹೊಸ ಸರ್ವರ್‌ಗೆ ಹಾಕಲಾಗುವುದಿಲ್ಲ. ಜನ ಬರುತ್ತಾರೆ, ಆಡಿದ ಮಾತು ಹಿಂದೆಯೇ ಉಳಿಯುತ್ತದೆ. ಉಳಿಯಬೇಕಾದ ಬರಹವನ್ನು ನಾನು ಬ್ಲಾಗಿನಲ್ಲೇ ಹಾಕುವುದಕ್ಕೆ ಇದೂ ಒಂದು ಕಾರಣ.

ಹುಡುಕುವುದೂ ಕಷ್ಟವೇ. ಹ್ಯಾಶ್‌ಟ್ಯಾಗ್ ಬಿಟ್ಟು ಬರೀ ಪದ ಹಾಕಿ ಹುಡುಕಿದರೆ ಸಾಮಾನ್ಯವಾಗಿ ಒಪ್ಪಿಗೆ ಕೊಟ್ಟವರ ಪೋಸ್ಟ್‌ಗಳಷ್ಟೇ ಬರುತ್ತವೆ. ಬೇರೆ ಸರ್ವರ್‌ನಲ್ಲಿ ನಡೆದ ಚರ್ಚೆಯ ಕೆಲವು ಉತ್ತರಗಳು ನಮ್ಮ ಕಡೆ ಕಾಣದೇ ಹೋಗುವುದೂ ಉಂಟು. ಮತ್ತೆ, ನಿಮ್ಮ ಶಾಲೆಯ ಗೆಳೆಯರು, ನೆಂಟರು, ಆಫೀಸಿನವರು ಇಲ್ಲಿ ಸಿಗುವ ಸಾಧ್ಯತೆ ಕಡಿಮೆ. ಅವರಿಗಾಗಿ ನೀವು ಈಗ ಇರುವ ಕಡೆಯೇ ಇರಬೇಕಾಗುತ್ತದೆ. ಕೆಲಸ ಹುಡುಕಲು, ವ್ಯಾಪಾರ ಬೆಳೆಸಲು ಬೇಕಾದರೆ ಇದು ಸರಿಯಾದ ಜಾಗ ಅಲ್ಲ.

ಯಾವುದಾದರೂ ವಿಷಯದಲ್ಲಿ ಆಳವಾದ ಆಸಕ್ತಿ ಇದ್ದರೆ, ಹಕ್ಕಿ, ಹೊಲಿಗೆ, ಗಣಿತ, ಹಳೇ ಕ್ಯಾಮರಾ, ಏನೇ ಆಗಲಿ, ಬನ್ನಿ ಅನ್ನುತ್ತೇನೆ. ಬಂದ ಕೂಡಲೇ ಮೂರು ಕೆಲಸ ಮಾಡಿ. ಸರ್ವರಿನ ಪರಿಚಯ ಪುಟ ಓದಿ, ಯಾರು ನಡೆಸುತ್ತಾರೆ, ನಿಯಮ ಏನು ಅಂತ ನೋಡಿ. ನಿಮ್ಮ ಬಗ್ಗೆ, ನಿಮ್ಮ ಆಸಕ್ತಿಗಳ ಬಗ್ಗೆ ಹ್ಯಾಶ್‌ಟ್ಯಾಗ್ ಸಮೇತ ಒಂದು ಪೋಸ್ಟ್ ಬರೆಯಿರಿ. ಫೀಡ್ ನಿಮಗಾಗಿ ಜನರನ್ನು ಹುಡುಕಿ ಕೊಡುವುದಿಲ್ಲ, ಈ ಕೆಲಸ ನೀವೇ ಮಾಡಬೇಕು. ಆಮೇಲೆ ಬೇರೆಯವರ ಪೋಸ್ಟಿಗೆ ಉತ್ತರ ಬರೆಯಲು ಶುರು ಮಾಡಿ. ಮೊದಲ ಕೆಲವು ವಾರ ಖಾಲಿ ಖಾಲಿ ಅನಿಸಿದರೆ ಬಿಟ್ಟು ಹೋಗಬೇಡಿ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದನ್ನು ಕಳೆದದ್ದು ಪೂರ್ತಿಯಾಗಿ ಆ ಖಾಸಗಿ ಸಂದೇಶದ ವ್ಯವಸ್ಥೆಗೆ. ಅದನ್ನು ಸರಿಪಡಿಸಿದ ದಿನ ಈ ವಿಮರ್ಶೆಯನ್ನು ತಿದ್ದುತ್ತೇನೆ.