ಬೋರ್‌ವೆಲ್ ನೀರಲ್ಲಿ ಆಫ್ರಿಕದ ಮೀನು: ಅಂಗಡಿಗೆ 2 ಸ್ಟಾರ್, ತಾರಸಿಗೆ ನಾಲ್ಕೂವರೆ

ನಮ್ಮ ಮನೆ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಎರಡು ವರ್ಷ ಬಾಳಿದರೆ ಹೆಚ್ಚು. ಬಕೆಟ್ ಅಂಚಿಗೆಲ್ಲ ಬಿಳಿ ಪಟ್ಟೆ. ಬೇಳೆ ಬೇಯಲ್ಲ ಅಂತ ಅಮ್ಮನ ದಿನದ ಗೊಣಗಾಟ. ಇದೇ ನೀರಿಗೆ ನಾನು ಹಿಂದೆ ನಿಯಾನ್ ಟೆಟ್ರಾ ತಂದು ಬಿಟ್ಟು, ವಾರಕ್ಕೆರಡರಂತೆ ಎತ್ತಿ ಗಿಡದ ಬುಡಕ್ಕೆ ಹಾಕಿದವನು. ಆಮೇಲೆ ಮೀನಿನ ಸಹವಾಸವೇ ಬೇಡ ಅಂತ ಸುಮ್ಮನಿದ್ದೆ. ಹೋದ ವರ್ಷ ಸ್ನೇಹಿತನ ಮನೆಯಲ್ಲಿ ಹಳದಿ, ನೀಲಿ, ಕಿತ್ತಳೆ ಬಣ್ಣದ ಮೀನು ತುಂಬಿದ ಟ್ಯಾಂಕ್ ನೋಡಿ, ಇದು ಸಮುದ್ರದ ಮೀನಾ ಅಂತ ಕೇಳಿದೆ. ಅಲ್ಲ ಗುರು, ಸಿಹಿನೀರಿನದೇ, ಆಫ್ರಿಕದ ಸಿಕ್ಲಿಡ್, ನಿಮ್ಮ ಗಡಸು ಬೋರ್ ನೀರು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂದ. ಅಲ್ಲಿಂದ ಶುರು. (ಅಂಗಡಿಯವರೆಲ್ಲ ಇದನ್ನ ಸಿಚ್ಲಿಡ್ ಅಂತಾರೆ. ನೀವು ಸಿಕ್ಲಿಡ್ ಅಂದರೆ ಅವರಿಗೆ ಒಮ್ಮೆಗೇ ಅರ್ಥ ಆಗಲ್ಲ, ನಾನೂ ಈಗ ಸಿಚ್ಲಿಡ್ ಅಂತಲೇ ಕೇಳ್ತೀನಿ.)

ಈ ಮೀನುಗಳ ಮೂಲ ಮಲಾವಿ ಸರೋವರ. ಮಲಾವಿ, ಮೊಜಾಂಬಿಕ್, ಟಾಂಜಾನಿಯಾ ಮೂರು ದೇಶಗಳ ನಡುವೆ ಉದ್ದಕ್ಕೆ ಮಲಗಿರುವ ಕೆರೆ, 700 ಮೀಟರ್ ಆಳ. ಅಲ್ಲಿನ ನೀರಿನ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ, 7ರ ಮೇಲಿದ್ದರೆ ಕ್ಷಾರ) 7.7ರಿಂದ 8.6ರ ತನಕ. ನಮ್ಮ ನಲ್ಲಿ ನೀರನ್ನ ಹಿಡಿದ ತಕ್ಷಣ ನೋಡಿದರೆ 7.2 ಬಂತು, ಸ್ವಲ್ಪ ನಿರಾಸೆಯೇ ಆಯ್ತು. ಅದೇ ನೀರಿಗೆ ಒಂದು ರಾತ್ರಿ ಏರ್ ಪಂಪ್ ಹಾಕಿಟ್ಟು ಬೆಳಿಗ್ಗೆ ನೋಡಿದರೆ 8. ನೆಲದಡಿಯ ನೀರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಮೇಲೆ ಪಿಎಚ್ ಏರುತ್ತೆ. ಹಾಗಾಗಿ ನಲ್ಲಿಯಿಂದ ನೇರ ಅಳೆದು ತಲೆ ಕೆಡಿಸಿಕೊಳ್ಳಬೇಡಿ. ಕಾವೇರಿ ನೀರಿನವರು ಕ್ಲೋರಿನ್ ತೆಗೆಯಬೇಕು, ಪಿಎಚ್ ಏರೋಕೆ ಫಿಲ್ಟರ್ ಒಳಗೆ ಒಂದಿಷ್ಟು ಹವಳದ ಚೂರು ಹಾಕಿಕೊಳ್ಳಬೇಕು. ಆರ್‌ಓ ನೀರು ಮಾತ್ರ ಬೇಡವೇ ಬೇಡ.

ಬಜೆಟ್ 15 ಸಾವಿರ ಅಂತ ಮನೆಯಲ್ಲಿ ಹೇಳಿದ್ದೆ. ಹೊಸ ಟ್ಯಾಂಕ್ ಕೊಂಡಿದ್ದರೆ ಅರ್ಧ ಅಲ್ಲೇ ಹೋಗ್ತಿತ್ತು. ಮನೆ ಖಾಲಿ ಮಾಡಿ ಊರಿಗೆ ಹೊರಟಿದ್ದವರೊಬ್ಬರ ಹತ್ತಿರ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಹಳೇ ಟ್ಯಾಂಕ್, ಕಬ್ಬಿಣದ ಸ್ಟ್ಯಾಂಡ್ ಸಮೇತ 4,000ಕ್ಕೆ ಸಿಕ್ಕಿತು. ಗೂಡ್ಸ್ ಆಟೋಗೆ 600. ಗಾಜು ತಟ್ಟಿ ನೋಡಿದ್ದೆ, ಆದರೆ ಮೂಲೆಯ ಸಿಲಿಕಾನ್ ನೋಡಿರಲಿಲ್ಲ. ಮನೆಗೆ ತಂದು ನೀರು ತುಂಬಿಸಿದರೆ ಒಂದು ಮೂಲೆಯಲ್ಲಿ ಸಣ್ಣಗೆ ತೊಟ್ಟು. ಬ್ಲೇಡ್ ಹಿಡಿದು ಹಳೇ ಸಿಲಿಕಾನ್ ಕೆರೆದು, ಹೊಸದು ಹಚ್ಚಿ, ಮೂರು ದಿನ ಒಣಗಿಸಿದೆ. ಹಳೇ ಟ್ಯಾಂಕ್ ತರುವವರು ಮೊದಲು ಮನೆ ಹೊರಗೆ ತುಂಬಿಸಿ ಒಂದಿಡೀ ದಿನ ಬಿಡಿ. ಆಮೇಲೆ ಒಳಗೆ. ಇಷ್ಟು ದೊಡ್ಡದಕ್ಕೆ ಸುಮಾರು 250 ಲೀಟರ್ ಲೆಕ್ಕ, ಕಲ್ಲು ಮರಳು ಸೇರಿ ಭಾರ 300 ಕೆಜಿ ದಾಟುತ್ತೆ, ಮಹಡಿ ಮನೆಯಾದರೆ ಕೋಣೆ ನಡುವೆ ಇಡಬೇಡಿ, ಬೀಮ್ ಇರುವ ಗೋಡೆಗೆ ಒತ್ತಿ ಇಡಿ.

ಫಿಲ್ಟರ್ ವಿಷಯದಲ್ಲಿ ಅಂಗಡಿಯವರು ಕ್ಯಾನಿಸ್ಟರ್ (ಟ್ಯಾಂಕ್ ಹೊರಗೆ ಇಡುವ ಮುಚ್ಚಿದ ಡಬ್ಬಿ ಫಿಲ್ಟರ್) ಇಲ್ಲದೆ ಆಗಲ್ಲ ಅಂದರು. ಅದರ ಬೆಲೆಗೆ ನನ್ನ ಬಜೆಟ್ಟೇ ಮುಗೀತಿತ್ತು. ನಾನು ಮಾಡಿದ್ದು ಇಷ್ಟು: ಎರಡು ದೊಡ್ಡ ಸ್ಪಾಂಜ್ ಫಿಲ್ಟರ್, ಒಂದು ಏರ್ ಪಂಪ್, ಮೇಲೆ ಎರಡು ಪ್ಲಾಸ್ಟಿಕ್ ಡಬ್ಬಿಗೆ ತೂತು ಹೊಡೆದು ಮಾಡಿದ ಓವರ್‌ಹೆಡ್ ಫಿಲ್ಟರ್, ಅದಕ್ಕೊಂದು ಸಣ್ಣ ಮೋಟಾರ್. ಡಬ್ಬಿಯೊಳಗೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಜುಂಗು. ನಗಬೇಡಿ. ನೀರಿನ ಹೊಲಸು ತಿನ್ನುವ ಬ್ಯಾಕ್ಟೀರಿಯಾ ಕೂರೋಕೆ ಜಾಗ ಬೇಕು ಅಷ್ಟೆ, ಅದಕ್ಕೆ ಬ್ರ್ಯಾಂಡ್ ಗೊತ್ತಿಲ್ಲ. ಎಲ್ಲ ಸೇರಿ 1,950. ಲೈಟಿಗೆ ಎಲೆಕ್ಟ್ರಿಕಲ್ ಅಂಗಡಿಯ ಎಲ್‌ಇಡಿ ಟ್ಯೂಬ್, 300. ಮರಳಿಗೆ ವಾಟರ್ ಫಿಲ್ಟರ್ ರಿಪೇರಿಯವರ ಹತ್ತಿರ ಸಿಗುವ ಸಿಲಿಕಾ ಮರಳು, 400ಕ್ಕೆ ಒಂದು ಮೂಟೆ. ಅಂಗಡಿಯಲ್ಲಿ ಬಣ್ಣದ ಕಲ್ಲು ಅಂತ ಚಿಕ್ಕ ಚಿಕ್ಕ ಪ್ಯಾಕೆಟ್ ಮಾರ್ತಾರೆ, 4 ಅಡಿಗೆ ಅದನ್ನ ಹಾಸೋಕೆ ಹೋದರೆ ದಿವಾಳಿ. ಡಿಸೆಂಬರ್ ಚಳಿಗೆ ಹೀಟರ್ ಬೇಕು, 650.

ಕಲ್ಲಿಗೆ ಮಾತ್ರ ಜಿಪುಣತನ ಮಾಡಬೇಡಿ. ನಾನು ಸಾಕಿರುವುದು ಎಂಬೂನಾ ಅನ್ನೋ ಗುಂಪು, ಮಲಾವಿಯ ಟೊಂಗಾ ಭಾಷೆಯಲ್ಲಿ ಆ ಹೆಸರಿಗೆ ಬಂಡೆ ಮೀನು ಅಂತ ಅರ್ಥ. ಬಂಡೆ ಸಂದಿಯೇ ಅವುಗಳ ಮನೆ. ಬೈಕಲ್ಲಿ ಐದಾರು ಸಲ ಹೋಗಿ ಲೇಔಟ್ ಕೆಲಸ ನಡೆಯುವ ಜಾಗದಿಂದ ಗ್ರಾನೈಟ್ ತುಂಡು ತಂದೆ, ಮೇಸ್ತ್ರಿ ಕೈಗೆ 300 ಕೊಟ್ಟೆ. ತಿಕ್ಕಿ ತೊಳೆದು, ತಳದಲ್ಲಿ ಥರ್ಮಾಕೋಲ್ ಹಾಸಿ, ಅದರ ಮೇಲೆ ಕಲ್ಲು ಜೋಡಿಸಿ, ಕೊನೆಗೆ ಮರಳು ಸುರಿದೆ. ಈ ಕ್ರಮ ತಪ್ಪಿಸಬೇಡಿ. ಮೀನು ಬಾಯಲ್ಲೇ ಮರಳು ತೋಡಿ ಗುಡ್ಡೆ ಹಾಕುತ್ತೆ, ಮರಳ ಮೇಲೆ ಕಲ್ಲು ನಿಲ್ಲಿಸಿದ್ದರೆ ಒಂದು ರಾತ್ರಿ ಕಲ್ಲು ಜಾರಿ ಗಾಜಿಗೆ ಬಡಿಯುತ್ತೆ.

ಈಗ ಮೀನಂಗಡಿ. ಹೆಸರು ಹೇಳಲ್ಲ. ದೊಡ್ಡ ಅಂಗಡಿ, ಒಳ್ಳೆ ಲೈಟು, ಹುಡುಗರು ಮರ್ಯಾದೆಯಾಗೇ ಮಾತಾಡಿದರು. 'ಟ್ಯಾಂಕ್ ಹಾಕಿ 10 ದಿನ ಆಯ್ತಾ? ಸಾಕು ಸಾರ್, ಈ ಬ್ಯಾಕ್ಟೀರಿಯಾ ಬಾಟ್ಲಿ ಹಾಕಿ, ಇವತ್ತೇ ಬಿಡಬಹುದು' ಅಂದರು. ನನಗೂ ಅದೇ ಬೇಕಿತ್ತು. ಮಿಕ್ಸೆಡ್ ಆಫ್ರಿಕನ್, ಒಂದಕ್ಕೆ 80, 15 ಮೀನು ಕಟ್ಟಿಸಿಕೊಂಡು ಬಂದೆ. ಒಂದು ವಾರದಲ್ಲಿ 4 ಹೋದವು. ಇದರಲ್ಲಿ ಅರ್ಧ ತಪ್ಪು ನನ್ನದೇ. ಮೀನಿನ ಹೇಲಿನಿಂದ ಬರೋ ಅಮೋನಿಯಾವನ್ನ ತಿನ್ನುವ ಬ್ಯಾಕ್ಟೀರಿಯಾ ಬೆಳೆಯೋಕೆ ನಾಲ್ಕರಿಂದ ಆರು ವಾರ ಬೇಕು, ಪಿಎಚ್ ಹೆಚ್ಚಿದ್ದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷ. ಅಂದರೆ ಈ ಮೀನಿಗೆ ಹಿಡಿಸುವ ನೀರಲ್ಲೇ ಅವಸರ ಜಾಸ್ತಿ ದುಬಾರಿ. ಟೆಸ್ಟ್ ಕಿಟ್ಟಿಗೆ 900 ಕೊಟ್ಟಿದ್ದು ಆ ನಾಲ್ಕು ಸತ್ತ ಮೇಲೆ.

ಉಳಿದ ಅರ್ಧ ತಪ್ಪು ಆ ಮಿಕ್ಸೆಡ್ ಕವರಿನದು. ಅದರಲ್ಲಿ ಒಂದು ಮೀನಿತ್ತು, ಹಳದಿ ಮೈ, ಕಪ್ಪು ಪಟ್ಟೆ, ಇಡೀ ಟ್ಯಾಂಕಿಗೇ ಚೆಂದ. ನನ್ನ ಮಗಳು ಅದಕ್ಕೆ ಆಟೋ ಅಂತ ಹೆಸರಿಟ್ಟಳು. ಮೂರು ತಿಂಗಳಿಗೆ ಆಟೋ ಬಣ್ಣ ಬದಲಾಯ್ತು. ಹಳದಿ ಮಾಸಿ ಮೈಯೆಲ್ಲ ಕಪ್ಪಾಗಿ, ಪಟ್ಟೆ ತಿಳಿನೀಲಿಗೆ ತಿರುಗಿ, ಬೇರೆಯೇ ಮೀನು ಅನ್ನಿಸುವಷ್ಟು. ಅದು ಆರೇಟಸ್, ಗಂಡು. ಎಂಬೂನಾಗಳಲ್ಲೇ ಕುಖ್ಯಾತ ರೌಡಿ. ಎಡಗಡೆಯ ಕಲ್ಲುಗಳಿಂದ ಶುರು ಮಾಡಿ ದಿನಕ್ಕೊಂದು ಗೇಣು ಜಾಗ ಹಿಡಿಯುತ್ತಾ ಬಂತು. ಒಂದು ಬೆಳಿಗ್ಗೆ ನೋಡಿದರೆ ಉಳಿದ ಹತ್ತೂ ಮೀನು ಬಲ ಮೂಲೆಯಲ್ಲಿ, ಹೀಟರ್ ಹಿಂದೆ, ಒಂದರ ಮೇಲೊಂದು ಒತ್ತಿಕೊಂಡು ನಿಂತಿವೆ, ರೆಕ್ಕೆಗಳೆಲ್ಲ ಹರಿದು ಜಾಲರಿ. ಮುಂದೆ ಅದನ್ನ ಹಿಡಿಯೋಕೆ ಎಲ್ಲ ಕಲ್ಲೂ ಎತ್ತಬೇಕಾಯ್ತು. ಅಷ್ಟರಲ್ಲಿ 3 ಸತ್ತಿದ್ದವು. ಅಂಗಡಿಗೆ ಫೋನ್ ಮಾಡಿದರೆ 'ಮಿಕ್ಸೆಡ್ ಅಂದ್ರೆ ಮಿಕ್ಸೆಡ್ ಸಾರ್, ರಿಟರ್ನ್ ಇಲ್ಲ' ಅಂದರು.

ಅದೇ ಅಂಗಡಿಯಲ್ಲಿ ಒಂದೂವರೆ ಇಂಚಿನ ಪೀಕಾಕ್ (ಮಲಾವಿಯದೇ ಇನ್ನೊಂದು ಬಗೆಯ ಸಿಕ್ಲಿಡ್) ಮರಿಗಳು ಕೆಂಪು ನೀಲಿ ಮಿಂಚ್ತಾ ಇದ್ದವು, ಒಂದಕ್ಕೆ 350. ಪುಣ್ಯಕ್ಕೆ ತರಲಿಲ್ಲ. ಆ ಗಾತ್ರಕ್ಕೆ ಪೀಕಾಕ್ ಮರಿ ಬೂದು ಬಣ್ಣದಲ್ಲಿರಬೇಕು, ಗಂಡಿಗೆ ಬಣ್ಣ ಬರೋದು ಬೆಳೆದ ಮೇಲೆ. ಅಷ್ಟು ಚಿಕ್ಕದರಲ್ಲಿ ಎಲ್ಲವೂ ಮಿಂಚ್ತಾ ಇದ್ದರೆ ಹಾರ್ಮೋನ್ ತಿನ್ನಿಸಿರುವ ಅನುಮಾನ ಇಟ್ಟುಕೊಳ್ಳಿ. ಅಂಥ ಬಣ್ಣ ಮನೆಗೆ ಬಂದು ಒಂದೆರಡು ತಿಂಗಳಲ್ಲಿ ಇಳಿದುಹೋಗುತ್ತೆ. ಅಂಗಡಿಗೆ 2 ಸ್ಟಾರ್. ಅದರಲ್ಲೂ ಒಂದು ಸ್ಟಾರ್ ಪ್ಯಾಕಿಂಗಿಗೆ, ಆಕ್ಸಿಜನ್ ತುಂಬಿ ಡಬಲ್ ಕವರಲ್ಲಿ ಚೆನ್ನಾಗಿ ಕಟ್ಟಿದ್ದರು.

ಎರಡನೇ ಸಲ ಸ್ನೇಹಿತ ಕೆಂಗೇರಿ ಕಡೆ ಒಂದು ಮನೆಗೆ ಕರೆದುಕೊಂಡು ಹೋದ. ಬೋರ್ಡಿಲ್ಲ, ಲೈಟಿಲ್ಲ. ತಾರಸಿ ಮೇಲೆ ಶೇಡ್ ನೆಟ್, ಅದರ ಕೆಳಗೆ ಅರ್ಧ ಕತ್ತರಿಸಿದ ನೀಲಿ ಡ್ರಮ್ಮುಗಳು, ಎರಡು ಸಿಮೆಂಟ್ ತೊಟ್ಟಿ. ಅಲ್ಲಿನವರು ನನಗೆ ಮೀನು ತೋರಿಸೋಕೆ ಮುಂಚೆ ಕೇಳಿದ್ದು ಮೂರು ಪ್ರಶ್ನೆ: 'ಟ್ಯಾಂಕ್ ಎಷ್ಟು ಅಡಿ? ಅಮೋನಿಯಾ ನೋಡಿದ್ರಾ? ಒಳಗೆ ಏನೇನಿದೆ?' ಆರೇಟಸ್ ಇದೆ ಅಂದೆ. 'ಅದನ್ನ ಎತ್ತಿದ ಮೇಲೆ ಬನ್ನಿ ಸಾರ್' ಅಂತ ಕೊಡದೇ ಕಳಿಸಿದರು. ಆಟೋನ ಹಿಡಿದು ಬೇರೆ ಸಣ್ಣ ಟ್ಯಾಂಕಿಗೆ ಹಾಕಿ, ಫೋಟೋ ಕಳಿಸಿದ ಮೇಲೆಯೇ ಮೀನು ಕೊಟ್ಟಿದ್ದು. 8 ಎಲೆಕ್ಟ್ರಿಕ್ ಯೆಲ್ಲೋ 800ಕ್ಕೆ, 6 ರಸ್ಟಿ 480ಕ್ಕೆ, 5 ಏಸೈ 600ಕ್ಕೆ. ಮೂರೂ ಎಂಬೂನಾಗಳಲ್ಲಿ ಸಾಧು ಪ್ರಾಣಿಗಳು. ಯೆಲ್ಲೋ ಅಂದರೆ ನಿಂಬೆಹಣ್ಣಿನ ಹಳದಿ, ಬೆನ್ನ ರೆಕ್ಕೆಗೆ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ಅವರ ಓಡುತ್ತಿರುವ ಫಿಲ್ಟರಿನಿಂದ ಒಂದು ಹಳೇ ಸ್ಪಾಂಜನ್ನೂ ಕವರಿಗೆ ಹಾಕಿ ಕೊಟ್ಟರು, ಸುಮ್ನೆ, ಕಾಸಿಲ್ಲದೆ. ಆ ಕೊಳಕು ಸ್ಪಾಂಜು 250 ರೂಪಾಯಿಯ ಬಾಟ್ಲಿಗಿಂತ ಮೇಲು. ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಯಾಕೆಂದರೆ ಭಾನುವಾರ ಬಿಟ್ಟು ಬೇರೆ ದಿನ ಫೋನ್ ಎತ್ತಲ್ಲ.

ಊಟದ ಬಗ್ಗೆಯೂ ಅವರೇ ಬೈದು ಕಳಿಸಿದರು. ಎಂಬೂನಾ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಮೀನು, ಕರುಳು ಉದ್ದ. ಅಂಗಡಿಯಲ್ಲಿ ಕೊಡುವ ಕೆಂಪು ಹುಳ ದಿನಾ ಹಾಕಿದರೆ ಹೊಟ್ಟೆ ಉಬ್ಬಿ ಸಾಯಬಹುದು. ಸ್ಪಿರುಲಿನಾ ಅನ್ನೋ ಪಾಚಿ ಇರುವ ಕಾಳು 450 ರೂಪಾಯಿಯ ಡಬ್ಬಿ ತಂದೆ, ನಡುವೆ ಬಿಸಿನೀರಲ್ಲಿ ಅದ್ದಿದ ಪಾಲಕ್. ಅಮ್ಮ ಪಾಲಕ್ ಕಟ್ಟು ಬಿಡಿಸುವಾಗ 'ಮೀನಿಗೆ ಎಳೇದು, ನಮಗೆ ದಂಟು' ಅಂತಾರೆ, ಆದರೆ ಹಾಕೋದೂ ಅವರೇ. ಆಫ್ರಿಕದ ಮೀನು ಅಂತ ಮನೆಗೆ ಬಂದವರು ಬಾಯಿ ಬಿಟ್ಟರೆ ನಾನು ಹೇಳೋದು, ಮಾರ್ಕೆಟ್ಟಿನಲ್ಲಿ ಕೆಜಿ ಲೆಕ್ಕದಲ್ಲಿ ತರ್ತೀರಲ್ಲ ಜಿಲೇಬಿ ಮೀನು, ಅದೂ ಇದೇ ಸಂಸಾರದ್ದು.

ಒಟ್ಟು ಖರ್ಚು ಸಿಲಿಕಾನಿನ 250 ಸೇರಿ 12,880. ಸತ್ತ 7 ಮೀನಿನ 560 ಅದರೊಳಗೇ ಇದೆ. ಈಗ 26 ಮೀನಿವೆ. 4 ಅಡಿಗೆ ಇದು ಜಾಸ್ತಿ ಅನ್ನಿಸಬಹುದು, ಆದರೆ ಈ ಮೀನನ್ನ ಸ್ವಲ್ಪ ಒತ್ತೊತ್ತಾಗೇ ಇಡಬೇಕು, ಆಗ ಯಾರೂ ಒಂದೇ ಮೀನಿನ ಬೆನ್ನು ಹತ್ತಲ್ಲ. ಅದರ ಬದಲಿಗೆ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸಲೇಬೇಕು. ತೆಗೆದ ನೀರು ಕರಿಬೇವಿನ ಗಿಡಕ್ಕೆ, ಗಿಡ ಈಗ ಕಾಂಪೌಂಡ್ ದಾಟಿದೆ.

ಕಳೆದ ತಿಂಗಳು ಒಂದು ಯೆಲ್ಲೋ ಹೆಣ್ಣು ಊಟ ಬಿಟ್ಟಿತು. ಗಂಟಲು ಚೀಲದ ಹಾಗೆ ಇಳಿಬಿದ್ದಿತ್ತು. ರೋಗ ಅಂತ ಗಾಬರಿಯಾಗಿ ತಾರಸಿಯವರಿಗೆ ಫೋನ್ ಮಾಡಿದೆ, ಭಾನುವಾರ ಆಗಿತ್ತು, ಎತ್ತಿದರು. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ, ಮೂರು ವಾರ ಮುಟ್ಟಬೇಡಿ ಅಂದರು. ಮೊನ್ನೆ ಟಾರ್ಚ್ ಬಿಟ್ಟು ನೋಡಿದರೆ ಕಲ್ಲಿನ ಸಂದಿಯಲ್ಲಿ ಜೀರಿಗೆ ಕಾಳಿನಷ್ಟು ಉದ್ದದ 5 ಮರಿ. ಮೊದಲ ಕವರಿನಲ್ಲಿ ಬಂದ ಕಿತ್ತಳೆ ಬಣ್ಣದ ರೆಡ್ ಜೀಬ್ರಾ ಗಂಡೂ ಒಂದು ಒಳಗಿದೆ, ಯೆಲ್ಲೋ ಜೊತೆ ಅದು ಕೂಡಿಕೊಳ್ಳುತ್ತಂತೆ, ಹಾಗಾಗಿ ಈ ಮರಿಗಳನ್ನ ಯೆಲ್ಲೋ ಅಂತ ಯಾರಿಗೂ ಕೊಡಬೇಡಿ ಅಂತ ಅವರೇ ಎಚ್ಚರಿಸಿದ್ದಾರೆ. ಕೊಡಲ್ಲ.

ಆಟೋ ಮಾತ್ರ ಕೊಡೋಕೆ ರೆಡಿ ಇದೆ. ಒಂದೇ ಒಂದನ್ನ ಒಂಟಿಯಾಗಿ ಸಾಕುವ ಮನಸ್ಸಿರುವವರು ಯಾರಾದರೂ ಇದ್ದರೆ ಹೇಳಿ, ಫ್ರೀ, ಮಗಳನ್ನ ನಾನು ಒಪ್ಪಿಸ್ತೀನಿ, ಮುಚ್ಚಳ ಗಟ್ಟಿ ಇರೋ ಬಕೆಟ್ ಮಾತ್ರ ನೀವೇ ತನ್ನಿ.