ಸಪ್ತಾಪುರದ ಸ್ಪ್ಯಾನಿಷ್ ತರಗತಿ: ವಿಶೇಷಣ, ಕ್ರಿಯಾವಿಶೇಷಣಗಳ ಪಾಠ ಹೇಗಿದೆ?

ಧಾರವಾಡದ ಸಪ್ತಾಪುರದಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ನಡುವೆ, ಸಂಜೆ ಹೊತ್ತು ನಡೆಯುವ ಸ್ಪ್ಯಾನಿಷ್ ತರಗತಿಯೊಂದರಲ್ಲಿ ನಾನು ಮೊದಲ ಹಂತವನ್ನು ಮುಗಿಸಿದ್ದೇನೆ. ಇಡೀ ಪಠ್ಯಕ್ರಮವನ್ನು ಬಿಟ್ಟು, ಅಲ್ಲಿ ವಿಶೇಷಣ ಮತ್ತು ಕ್ರಿಯಾವಿಶೇಷಣಗಳನ್ನು ಕಲಿಸುವ ರೀತಿಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಕನ್ನಡಿಗರ ಸ್ಪ್ಯಾನಿಷ್ ವಾಕ್ಯಗಳು ಸಾಮಾನ್ಯವಾಗಿ ತಪ್ಪುವುದು ಈ ಎರಡರಲ್ಲಿ. ಈ ತರಗತಿಯ ಸಾಮರ್ಥ್ಯವೂ ಕೊರತೆಯೂ ಕಾಣುವುದು ಇಲ್ಲಿಯೇ.

ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆಗಳು ಎನ್ನುವಾಗ ‘ದೊಡ್ಡ’ ಎಂಬುದು ಎಲ್ಲಿಯೂ ಬದಲಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ವಿಶೇಷಣವು ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ, ಅದರ ಲಿಂಗವಚನಗಳನ್ನೂ ಅನುಸರಿಸುತ್ತದೆ: ಬಿಳಿ ಕಾಗದ ‘ಪಪೆಲ್ ಬ್ಲಾಂಕೊ’, ಬಿಳಿ ಮನೆ ‘ಕಾಸಾ ಬ್ಲಾಂಕಾ’, ಬಿಳಿ ಮನೆಗಳು ‘ಕಾಸಾಸ್ ಬ್ಲಾಂಕಾಸ್’. ಇದನ್ನು ವಿವರಿಸಲು ನಮ್ಮ ಶಿಕ್ಷಕಿ ಇಂಗ್ಲಿಷಿನ ಆಸರೆ ಪಡೆಯಲಿಲ್ಲ. ಹುಬ್ಬಳ್ಳಿ-ಧಾರವಾಡದವರ ಕಿವಿಗೆ ಹಿಂದಿ, ಮರಾಠಿ ಎರಡೂ ಪರಿಚಿತವಾದ್ದರಿಂದ ಅವರು ಹಿಂದಿಯ ‘ಬಡಾ ಲಡ್ಕಾ, ಬಡೀ ಲಡ್ಕೀ’, ಮರಾಠಿಯ ‘ಮೋಠಾ ಮುಲ್ಗಾ, ಮೋಠೀ ಮುಲ್ಗೀ’ ಎಂಬ ಜೋಡಿಗಳಿಂದಲೇ ಪಾಠ ಆರಂಭಿಸಿದರು. ಬಳಿಕ ಕನ್ನಡಕ್ಕೆ ಮರಳಿ, ‘ಹುಡುಗ ದೊಡ್ಡವನು, ಹುಡುಗಿ ದೊಡ್ಡವಳು, ಮನೆ ದೊಡ್ಡದು’ ಎಂದು ಬರೆದು, ವಾಕ್ಯದ ಕೊನೆಗೆ ಬಂದಾಗ ನಮ್ಮ ಗುಣವಾಚಕವೂ ಲಿಂಗವನ್ನು ಹೊರುತ್ತದೆ ಎಂದು ತೋರಿಸಿದರು. ಹೊಸ ನಿಯಮವೊಂದನ್ನು ಕಲಿಯುವವರ ಭಾಷೆಯೊಳಗಿನಿಂದಲೇ ಎತ್ತಿ ಕೊಡುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು.

ನಪುಂಸಕಲಿಂಗದಲ್ಲಿ ಹೇಳಿ ರೂಢಿಯಾದ ನಿರ್ಜೀವ ವಸ್ತುಗಳಿಗೆಲ್ಲ ಸ್ತ್ರೀಲಿಂಗವನ್ನೋ ಪುಲ್ಲಿಂಗವನ್ನೋ ಕೊಡಬೇಕಾಗುವುದು ಮಾತ್ರ ಕಂಠಪಾಠದ ಕೆಲಸವೇ ಸರಿ. ‘ಆ’ಕಾರದಲ್ಲಿ ಮುಗಿದರೂ ‘ಪ್ರೊಬ್ಲೆಮಾ’ ಪುಲ್ಲಿಂಗ, ‘ಓ’ಕಾರದಲ್ಲಿ ಮುಗಿದರೂ ‘ಮಾನೋ’ ಸ್ತ್ರೀಲಿಂಗ. ನೀರಿಗೆ ‘ಎಲ್ ಆಗ್ವಾ’ ಎಂದು ಪುಲ್ಲಿಂಗದಂತೆ ತೋರುವ ಉಪಪದ (ಇಂಗ್ಲಿಷಿನ ‘ದ’ದಂಥ ಪದ) ಬಂದರೂ ಪದ ಸ್ತ್ರೀಲಿಂಗದ್ದೇ. ಆದ್ದರಿಂದ ತಣ್ಣೀರು ‘ಎಲ್ ಆಗ್ವಾ ಫ್ರಿಯಾ’ ಆಗುತ್ತದೆ. ಇಂತಹ ಅಪವಾದಗಳನ್ನು ಮೊದಲ ವಾರಗಳಲ್ಲೇ ಮುಂದಿಟ್ಟದ್ದು ಒಳ್ಳೆಯದಾಯಿತು.

ಈ ತರಗತಿಯಲ್ಲಿ ನನಗೆ ಅತ್ಯುತ್ತಮವೆನಿಸಿದ್ದು ಕ್ರಿಯಾವಿಶೇಷಣದ ಪಾಠ. ನಾವು ‘ವೇಗ’ಕ್ಕೆ ‘ಆಗಿ’ ಸೇರಿಸಿ ‘ವೇಗವಾಗಿ’ ಎನ್ನುವಂತೆ ಸ್ಪ್ಯಾನಿಷ್ ಮಾತನಾಡುವವರು ವಿಶೇಷಣಕ್ಕೆ ‘ಮೆಂತೆ’ ಸೇರಿಸುತ್ತಾರೆ. ಆದರೆ ‘ವೇಗದ’ ಎಂಬ ಅರ್ಥದ ‘ರಾಪಿದೊ’ ಎಂಬುದಕ್ಕಲ್ಲ, ಅದರ ಸ್ತ್ರೀಲಿಂಗ ರೂಪಕ್ಕೆ, ಅಂದರೆ ‘ರಾಪಿದಾಮೆಂತೆ’. ಸ್ತ್ರೀಲಿಂಗವೇ ಏಕೆ ಎಂಬ ಪ್ರಶ್ನೆಗೆ ಶಿಕ್ಷಕಿ ಲ್ಯಾಟಿನ್ನಿನವರೆಗೂ ಹೋದರು. ಮೂಲದಲ್ಲಿ ‘ಮೆಂತೆ’ ಪ್ರತ್ಯಯವಾಗಿರದೆ, ‘ಮನಸ್ಸಿನಿಂದ’ ಎಂಬ ಅರ್ಥದ ಸ್ತ್ರೀಲಿಂಗ ನಾಮಪದವಾಗಿತ್ತು. ವಿಶೇಷಣವು ಅದಕ್ಕೆ ಹೊಂದಿಕೊಂಡು ನಿಲ್ಲುತ್ತಿತ್ತು. ‘ನಿಧಾನವಾಗಿ ಮತ್ತು ಸ್ಪಷ್ಟವಾಗಿ’ ಎನ್ನಲು ‘ಲೆಂತಾ ಇ ಕ್ಲಾರಾಮೆಂತೆ’ ಎಂದು ಕೊನೆಯ ಪದಕ್ಕಷ್ಟೇ ‘ಮೆಂತೆ’ ಸೇರಿಸಿದರೆ ಸಾಕಾಗುವುದೂ ಇದೇ ಹಿನ್ನೆಲೆಯಿಂದ ಸುಲಭವಾಗಿ ತಿಳಿಯುತ್ತದೆ. ಕಾರಣ ಗೊತ್ತಾದ ಮೇಲೆ ಈ ನಿಯಮ ಮರೆಯುವಂಥದ್ದಲ್ಲ.

ಕ್ರಿಯಾವಿಶೇಷಣ ಲಿಂಗವಚನಗಳಿಗೆ ಬದಲಾಗದು ಎಂಬುದನ್ನು ‘ಬಹಳ’ ಎಂಬ ಅರ್ಥದ ‘ಮುಚೊ’ ಪದದ ಮೂಲಕ ಕಲಿಸಿದ್ದೂ ಜಾಣತನದ ಆಯ್ಕೆ. ನಾಮಪದದ ಮುಂದೆ ಅದು ‘ಮುಚಾ ಆಗ್ವಾ’, ‘ಮುಚೋಸ್ ಲಿಬ್ರೋಸ್’ ಎಂದು ಬದಲಾಗುತ್ತದೆ. ‘ಅವಳು ಬಹಳ ದುಡಿಯುತ್ತಾಳೆ’ ಎನ್ನುವ ‘ಎಯ್ಯಾ ತ್ರಬಾಹಾ ಮುಚೊ’ ವಾಕ್ಯದಲ್ಲಿ, ಕರ್ತೃ ಹೆಣ್ಣಾದರೂ, ಬದಲಾಗದೆ ನಿಲ್ಲುತ್ತದೆ. ಸಂಗೀತದ ಊರಿನಲ್ಲಿ ‘ಚೆನ್ನಾಗಿ ಹಾಡುತ್ತಾಳೆ’ ಎಂಬುದಕ್ಕಿಂತ ಸಹಜವಾದ ಉದಾಹರಣೆ ಸಿಗಲಾರದು: ಹಾಡುವ ಕ್ರಿಯೆಗೆ ‘ಬಿಯೆನ್’, ಹಾಡುಗಾರ್ತಿಗೆ ‘ಬುವೆನಾ’.

ಇನ್ನು ಕೊರತೆಗಳ ಮಾತು. ವಿಶೇಷಣದ ಸ್ಥಾನ ಬದಲಾದರೆ ಅರ್ಥವೂ ಬದಲಾಗುವ ಭಾಗವನ್ನು ಆತುರದಲ್ಲಿ ಮುಗಿಸಿದರು. ‘ಓಂಬ್ರೆ ಪೋಬ್ರೆ’ ಎಂದರೆ ಹಣವಿಲ್ಲದ ಬಡವ, ‘ಪೋಬ್ರೆ ಓಂಬ್ರೆ’ ಎಂದರೆ ಕನಿಕರಕ್ಕೆ ಪಾತ್ರನಾದವನು. ‘ಗ್ರಾಂದೆ’ ನಾಮಪದದ ನಂತರ ಬಂದರೆ ಗಾತ್ರ, ‘ಗ್ರಾನ್’ ಎಂದು ಕುಗ್ಗಿ ಅದಕ್ಕಿಂತ ಮೊದಲು ಬಂದರೆ ಹಿರಿಮೆ. ಇಷ್ಟು ಸೂಕ್ಷ್ಮವಾದ ವಿಷಯಕ್ಕೆ ಬಿಡಿ ವಾಕ್ಯಗಳ ಅಭ್ಯಾಸ ಸಾಲದು, ಓದಲು ಪುಟ್ಟ ಗದ್ಯಭಾಗಗಳು ಬೇಕಿದ್ದವು. ಮುದ್ರಿತ ಟಿಪ್ಪಣಿಗಳಲ್ಲಿ, ಉಚ್ಚಾರದ ಒತ್ತು ಎಲ್ಲಿ ಬೀಳುತ್ತದೆಂದು ತೋರಿಸುವ, ಅಕ್ಷರಗಳ ಮೇಲಿನ ಒತ್ತುಚಿಹ್ನೆಗಳೇ ಇಲ್ಲದಿರುವುದು ಇನ್ನೂ ಗಂಭೀರವಾದ ಲೋಪ. ‘ರಾಪಿದೊ’ ಪದದ ಚಿಹ್ನೆ ‘ಮೆಂತೆ’ ಸೇರಿದ ನಂತರವೂ ಉಳಿಯಬೇಕು ಎಂಬ ನಿಯಮ ಆ ಟಿಪ್ಪಣಿ ಓದಿದವರಿಗೆ ಗೊತ್ತೇ ಆಗುವುದಿಲ್ಲ.

ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆಯಾದ ಇನ್‌ಸ್ಟಿಟ್ಯೂಟೊ ಸೆರ್ವಾಂತೆಸ್ ನಡೆಸುವ, ಸ್ಪ್ಯಾನಿಷ್ ಜ್ಞಾನವನ್ನು ಅಳೆಯುವ ಡೆಲೆ ಪರೀಕ್ಷೆಯ ಆರಂಭಿಕ ಹಂತವಾದ ಎ1ಕ್ಕೆ ಅಡಿಪಾಯ ಹಾಕಿಕೊಳ್ಳುವ ವಿದ್ಯಾರ್ಥಿಗಳಿಗೆ, ವ್ಯಾಕರಣವನ್ನು ಕಾರಣಸಹಿತ ತಿಳಿಯಬಯಸುವವರಿಗೆ ಈ ತರಗತಿಯನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬೇಗನೆ ಮಾತನಾಡಲು ಕಲಿಯಬೇಕೆನ್ನುವವರಿಗೆ ಇಲ್ಲಿನ ಸಂಭಾಷಣೆಯ ಅಭ್ಯಾಸ ಸಾಕಾಗದು. ಸೇರುವವರು ಒತ್ತುಚಿಹ್ನೆಗಳಿರುವ ಒಂದು ಒಳ್ಳೆಯ ನಿಘಂಟನ್ನು ಮೊದಲ ದಿನದಿಂದಲೇ ಜೊತೆಗೆ ಇಟ್ಟುಕೊಳ್ಳಲಿ.